ಇಡೀ ಮನೆ ಕಾಶಿಗೆ ಹೊರಟಾಗ: ಯಾವ ರೈಲು, ಯಾವ ಕ್ಲಾಸು, ಯಾವ ದಾರಿ

ನಮ್ಮ ಮನೆಯಿಂದ ಕಾಶಿಗೆ ಹೋದವರು 21 ಜನ. ಅಜ್ಜಿಗೆ 81, ಎಲ್ಲರಿಗಿಂತ ಚಿಕ್ಕವನಿಗೆ 3. ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ಸೋದರತ್ತೆ, ಮಂಡಿ ಆಪರೇಷನ್ ಆಗಿದ್ದ ಮಾವ, ನಾವು ಒಂಬತ್ತು ಜನ ನಡುವಯಸ್ಸಿನವರು, ಐದು ಮಕ್ಕಳು. ಟಿಕೆಟ್ ಓಡಾಟ ನನ್ನ ತಲೆ ಮೇಲೆ ಬಂತು. ಆಗ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಈಗ ಪ್ರತಿ ತಿಂಗಳು ಯಾರಾದರೂ ನೆಂಟರು ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ: "ಸ್ಲೀಪರ್ ಸಾಕಾ, ಎಸಿ ಬೇಕಾ? ನಾವೇ ಬುಕ್ ಮಾಡೋದಾ, ಇಲ್ಲ ಯಾತ್ರಾ ರೈಲಿನಲ್ಲಿ ಹೋಗೋದಾ?"

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮಾತು ಶುರುವಾದದ್ದು ದುಡ್ಡಿನಿಂದ. ತಲೆಗೆ ಎಷ್ಟು ಬೀಳುತ್ತದೆ ಅಂತ. ಎರಡು ವಾರ ಅದೇ ಮಾತು, ಏನೂ ತೀರ್ಮಾನ ಆಗಲಿಲ್ಲ. ಆಮೇಲೆ ಒಂದು ಸಂಜೆ ದೊಡ್ಡಮ್ಮ ಕೇಳಿದರು: "ಅತ್ತೆಗೆ ಕೆಳಗಡೆ ಬರ್ತ್ ಸಿಗುತ್ತಾ? ಅದು ಹೇಳು ಮೊದಲು." ಅಲ್ಲಿಂದ ಎಲ್ಲ ಸಲೀಸಾಯಿತು. ನೀವೂ ಅಲ್ಲಿಂದಲೇ ಶುರು ಮಾಡಿ. ನಿಮ್ಮ ಗುಂಪಿನಲ್ಲಿ ಕೆಳಗಿನ ಬರ್ತ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಎಷ್ಟು ಜನ? ನಮ್ಮಲ್ಲಿ ಏಳು. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಕ್ಲಾಸು, ರೈಲು, ಬುಕಿಂಗ್ ಮಾಡುವ ರೀತಿ ಎಲ್ಲವೂ ಅದರ ಹಿಂದೆ ಬರುತ್ತವೆ.

ಕೆಳಗಿನ ಬರ್ತಿನ ಲೆಕ್ಕ

ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಒಂದು ಅಂಕಣಕ್ಕೆ ಎಂಟು ಬರ್ತ್. 1 ಮತ್ತು 4 ಕೆಳಗೆ, 2 ಮತ್ತು 5 ನಡುವೆ, 3 ಮತ್ತು 6 ಮೇಲೆ, 7 ಸೈಡ್ ಲೋವರ್, 8 ಸೈಡ್ ಅಪ್ಪರ್. ಅಂದರೆ ಎಂಟು ಜನಕ್ಕೆ ಕೆಳಗಿನ ಜಾಗ ಮೂರೇ. ಸೆಕೆಂಡ್ ಎಸಿಯಲ್ಲಿ ಅಂಕಣಕ್ಕೆ ಆರು ಬರ್ತ್, ಅದರಲ್ಲೂ ಕೆಳಗಿನವು ಮೂರು. ಅಂದರೆ ಅಲ್ಲಿ ಅರ್ಧಕ್ಕೆ ಅರ್ಧ ಕೆಳಗೆ.

ನಮಗೆ ಬೇಕಿದ್ದದ್ದು 19 ಬರ್ತ್ (ಐದು ವರ್ಷದೊಳಗಿನ ಇಬ್ಬರು ಮಕ್ಕಳು ಅಮ್ಮಂದಿರ ಜೊತೆ ಮಲಗುತ್ತಾರೆ ಅಂತ ಬಿಟ್ಟೆವು). ಎಲ್ಲ ಥರ್ಡ್ ಎಸಿ ಮಾಡಿದರೆ, ಅಕ್ಕಪಕ್ಕದ ಅಂಕಣಗಳೇ ಪೂರ್ತಿ ಸಿಕ್ಕವು ಅಂದುಕೊಂಡರೂ ಏಳು ಕೆಳಗಿನ ಬರ್ತ್ ಸಿಗುವುದೇ ಕಷ್ಟ. ಹಾಗೆ ಅಕ್ಕಪಕ್ಕ ಸಿಗುವುದೂ ಇಲ್ಲ. ಆ ಕೋಚಿನಲ್ಲಿ ಬೇರೆ ಮನೆಯವರ ಅಜ್ಜಿಯರೂ ಇರುತ್ತಾರೆ ಅಲ್ವಾ?

ರೈಲ್ವೆಯಲ್ಲಿ ಇದಕ್ಕೊಂದು ಕೋಟಾ ಇದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ. ಆದರೆ ಇದು ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಇದ್ದಾಗ ಮಾತ್ರ. ಅಜ್ಜಿಯ ಹೆಸರನ್ನು ಮೊಮ್ಮಕ್ಕಳ ಜೊತೆ ಆರು ಜನರ ಟಿಕೆಟ್‌ಗೆ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ. ಬಹಳ ಮನೆಗಳಲ್ಲಿ ಆಗುವ ತಪ್ಪು ಇದೇ. ಪ್ರೀತಿಯಿಂದ ಎಲ್ಲರನ್ನೂ ಒಂದೇ ಟಿಕೆಟ್‌ಗೆ ಹಾಕುತ್ತಾರೆ, ಕೊನೆಗೆ ಅಜ್ಜಿಗೆ ನಡುವಿನ ಬರ್ತ್ ಬರುತ್ತದೆ.

ಇನ್ನೊಂದು ವಿಷಯ. ಈ ಕೋಟಾದಲ್ಲಿ ಇರುವುದು ಸ್ಲೀಪರ್ ಕೋಚಿಗೆ 6–7, ಥರ್ಡ್ ಎಸಿಗೆ 4–5, ಸೆಕೆಂಡ್ ಎಸಿಗೆ 3–4 ಬರ್ತ್ ಮಾತ್ರ. ಹಾಗಾಗಿ ಏಳು ಹಿರಿಯರಿಗೂ ಕೋಟಾದಲ್ಲೇ ಮಾಡಿಸಿದರೆ ಅವರು ಎರಡು ಮೂರು ಕೋಚಿಗೆ ಹರಿದು ಹಂಚಿ ಹೋಗುತ್ತಾರೆ. ಕೆಳಗಿನ ಬರ್ತ್ ಸಿಗುತ್ತದೆ, ಪಕ್ಕದಲ್ಲಿ ಮನೆಯವರು ಇರುವುದಿಲ್ಲ. ರಾತ್ರಿ ಎರಡಕ್ಕೆ ಬಾತ್‌ರೂಮಿಗೆ ಹೋಗಲು ಕೈ ಹಿಡಿಯುವವರು ಬೇಕು ಅನ್ನುವ ಅಜ್ಜಿಗೆ ಇದರಿಂದ ಏನು ಉಪಯೋಗ? ಅದಕ್ಕೇ ನನ್ನ ಲೆಕ್ಕ ಹೀಗೆ: ಕೋಟಾದಲ್ಲಿ ಜೋಡಿ ಜೋಡಿಯಾಗಿ ಕೆಲವರು, ಉಳಿದ ಹಿರಿಯರು ಸಾಮಾನ್ಯ ಟಿಕೆಟ್‌ನಲ್ಲಿ. ಐಆರ್‌ಸಿಟಿಸಿಯಲ್ಲಿ "ಕನಿಷ್ಠ ಒಂದು ಲೋವರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು", "ಎಲ್ಲ ಒಂದೇ ಕೋಚಿನಲ್ಲಿ ಸಿಕ್ಕರೆ ಮಾತ್ರ ಬುಕ್ ಮಾಡು" ಅನ್ನುವ ಆಯ್ಕೆಗಳಿವೆ. ಜನ ಅದನ್ನು ನೋಡುವುದೇ ಇಲ್ಲ. ದೊಡ್ಡ ಕುಟುಂಬಕ್ಕೆ ಅದಕ್ಕಿಂತ ಉಪಯೋಗದ ವಸ್ತು ಆ ಪುಟದಲ್ಲಿ ಬೇರೆ ಇಲ್ಲ.

ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿ

ಸುಮಾರಾಗಿ ಹೇಳುವುದಾದರೆ ಸ್ಲೀಪರ್‌ನ ಎರಡೂವರೆ ಪಟ್ಟು ಥರ್ಡ್ ಎಸಿ, ಥರ್ಡ್ ಎಸಿಯ ಒಂದೂವರೆ ಪಟ್ಟಿನ ಹತ್ತಿರ ಸೆಕೆಂಡ್ ಎಸಿ. 20 ಜನಕ್ಕೆ ಗುಣಿಸಿದರೆ ವ್ಯತ್ಯಾಸ ಸಣ್ಣದಲ್ಲ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು, ಅದನ್ನು ನಂಬಿ ಲೆಕ್ಕ ಹಾಕಬೇಡಿ. ಮಕ್ಕಳದ್ದು: 5ರಿಂದ 12 ವರ್ಷದವರಿಗೆ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ಟಿಕೆಟ್, ಬರ್ತ್ ಬೇಡವೆಂದರೆ ಅರ್ಧ. ಎರಡು ರಾತ್ರಿ ಪ್ರಯಾಣಕ್ಕೆ ಅರ್ಧ ಟಿಕೆಟ್ ಉಳಿತಾಯ ಮಾಡಲು ಹೋಗಬೇಡಿ. ಏಳು ವರ್ಷದ ಹುಡುಗ ಪಕ್ಕದಲ್ಲಿ ಮಲಗಿ ಒದೆಯುತ್ತಿದ್ದರೆ ಆ ತಾಯಿಗೆ ನಿದ್ದೆ ಇಲ್ಲ, ಮರುದಿನ ಆಕೆಯ ಸಿಟ್ಟು ಎಲ್ಲರ ಮೇಲೆ.

ಸ್ಲೀಪರ್ ಬಗ್ಗೆ ಮೊದಲು. ನಾನು ಚಿಕ್ಕಂದಿನಲ್ಲಿ ಎಲ್ಲ ಕಡೆ ಹೋದದ್ದು ಸ್ಲೀಪರ್‌ನಲ್ಲೇ. ಕಿಟಕಿ ತೆರೆದರೆ ಗಾಳಿ, ಹೊರಗಿನ ಊರು, ಪ್ಲಾಟ್‌ಫಾರ್ಮಿನ ಚಹಾದ ಕೂಗು. ಮಕ್ಕಳಿಗೆ ಅದರಷ್ಟು ಖುಷಿ ಎಸಿಯಲ್ಲಿ ಸಿಗುವುದಿಲ್ಲ, ಇದನ್ನು ಒಪ್ಪುತ್ತೇನೆ. ನಿಮ್ಮ ಗುಂಪಿನಲ್ಲಿ ಎಲ್ಲರೂ 60ರ ಒಳಗೆ, ಹೋಗುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಅಥವಾ ಫೆಬ್ರವರಿ ಕೊನೆಗೆ ಅಂದರೆ ಸ್ಲೀಪರ್ ಧಾರಾಳವಾಗಿ ಮಾಡಿ. ಆದರೆ ಮೇ ತಿಂಗಳ ರಜೆಯಲ್ಲಿ ಬೇಡ. ನಾಗಪುರ, ಇಟಾರ್ಸಿ, ಜಬಲ್ಪುರದ ಕಡೆ ಮಧ್ಯಾಹ್ನದ ಬಿಸಿಗಾಳಿ ಕಿಟಕಿಯಿಂದ ಹೊಡೆಯುತ್ತದೆ, ನೀರು ಕುಡಿದಷ್ಟೂ ಸಾಲದು. ಡಿಸೆಂಬರ್–ಜನವರಿಯಲ್ಲಿ ಉಲ್ಟಾ, ಉತ್ತರದಲ್ಲಿ ಚಳಿ ಮೂಳೆಗೆ ಇಳಿಯುತ್ತದೆ, ಮಂಜಿನಿಂದ ರೈಲು ಗಂಟೆಗಟ್ಟಲೆ ತಡ ಆಗುತ್ತದೆ. ಇನ್ನೊಂದು ತೊಂದರೆ, ಪ್ರಯಾಗದ ಕಡೆ ಹೋದಂತೆ ರಿಸರ್ವೇಶನ್ ಇಲ್ಲದವರೂ ಸ್ಲೀಪರ್‌ಗೆ ಹತ್ತುತ್ತಾರೆ. ಅವರಿಗೂ ಊರು ಸೇರಬೇಕು, ಪಾಪ. ಆದರೆ ನಿಮ್ಮ ಅಜ್ಜಿಯ ಕಾಲಬುಡದಲ್ಲಿ ಮೂವರು ಕೂತರೆ ಅವರು ಕಾಲು ಚಾಚುವುದು ಹೇಗೆ?

ಥರ್ಡ್ ಎಸಿ ದೊಡ್ಡ ಕುಟುಂಬಕ್ಕೆ ಹೇಳಿ ಮಾಡಿಸಿದ್ದು ಅಂತ ನನ್ನ ಅಭಿಪ್ರಾಯ. ಎಂಟು ಜನ ಒಂದು ಕಡೆ ಸೇರುತ್ತಾರೆ, ಪರದೆ ಇಲ್ಲ, ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಹಾಸಿಗೆ ಹೊದಿಕೆ ಕೊಡುತ್ತಾರೆ, 20 ಜನರ ಕಂಬಳಿ ಹೊರುವ ಕೆಲಸ ತಪ್ಪುತ್ತದೆ. ನಮ್ಮ ಪ್ರಯಾಣದಲ್ಲಿ ನಿಜವಾದ ಸಂತೋಷ ಆದದ್ದು ಈ ಅಂಕಣದಲ್ಲೇ. ಅಂತ್ಯಾಕ್ಷರಿ, ಚೌಕಾಬಾರ, ದೊಡ್ಡಪ್ಪ ತಮ್ಮ ಕೆಲಸದ ಮೊದಲ ವರ್ಷದ ಕಥೆ ಹೇಳಿದ್ದು, ಅದನ್ನು ನಾವ್ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಥರ್ಡ್ ಎಸಿ ಎಕಾನಮಿ ಅಂತಲೂ ಇದೆ, ದರ ಸ್ವಲ್ಪ ಕಡಿಮೆ. ಅದೇ ಉದ್ದದ ಕೋಚಿನಲ್ಲಿ ಬರ್ತ್ ಜಾಸ್ತಿ ಹಾಕಿರುವುದರಿಂದ ಕಾಲಿಗೆ ಜಾಗ ಇಕ್ಕಟ್ಟು. ಎತ್ತರದವರು, ದಪ್ಪಗಿರುವವರು ಇದ್ದರೆ ಬೇಡ.

ಹಾಗಾದರೆ ಸೆಕೆಂಡ್ ಎಸಿಗೆ ಯಾಕೆ ಜಾಸ್ತಿ ಕೊಡಬೇಕು? ಪರದೆಗಾಗಿ ಅಲ್ಲ. ನಡುವಿನ ಬರ್ತ್ ಇಲ್ಲ, ಅದಕ್ಕಾಗಿ. ಥರ್ಡ್ ಎಸಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಡುವಿನವರು ಮಲಗುವ ಹೊತ್ತು. ಆ ಎಂಟು ಗಂಟೆ ಕೆಳಗಿನವರು ನೆಟ್ಟಗೆ ಕೂರುವ ಹಾಗಿಲ್ಲ, ತಲೆ ತಾಗುತ್ತದೆ. ವಯಸ್ಸಾದವರಿಗೆ ನಿದ್ದೆ ಬರುವುದು ನಾಲ್ಕು ಗಂಟೆ. ಆಮೇಲೆ ಎದ್ದು ಕೂತು ಕಾಲು ಕೆಳಗೆ ಬಿಟ್ಟು ದೇವರ ನಾಮ ಹೇಳಿಕೊಳ್ಳಬೇಕು. ನಮ್ಮ ಅಜ್ಜಿಗೆ ಬೆಳಗಿನ ಜಾವ ಮೂರೂವರೆಗೆ ಎಚ್ಚರ ಆಗುತ್ತದೆ. ಅವರನ್ನು ಆರರವರೆಗೆ ಮಲಗಿಸಿಯೇ ಇಡುವುದು ಕಷ್ಟದ ಕೆಲಸ. ಬೆನ್ನು ನೋವಿನವರಿಗೆ, ಉಬ್ಬಸದವರಿಗೆ, ಮಂಡಿ ಮಡಚಲಾಗದವರಿಗೆ ಸೆಕೆಂಡ್ ಎಸಿಯ ಹೆಚ್ಚಿನ ದುಡ್ಡು ಪೂರ್ತಿ ಸಾರ್ಥಕ. ಉಳಿದವರಿಗೆ ಅಷ್ಟು ಅಗತ್ಯವಿಲ್ಲ.

ನಾವು ಮಾಡಿದ್ದು ಬೆರಕೆ. ಅಜ್ಜಿ, ಸೋದರತ್ತೆ, ಮಾವ, ಜೊತೆಗೆ ನನ್ನ ತಂಗಿ, ಈ ನಾಲ್ವರು ಸೆಕೆಂಡ್ ಎಸಿ. ಉಳಿದ 15 ಬರ್ತ್ ಥರ್ಡ್ ಎಸಿ. ಹೀಗೆ ಮಾಡುವುದಾದರೆ ಹಿರಿಯರ ಜೊತೆ ಗಟ್ಟಿಮುಟ್ಟಾದ ಒಬ್ಬರು ಅದೇ ಕೋಚಿನಲ್ಲಿ ಇರಲೇಬೇಕು. "ನಾವು ಪಕ್ಕದ ಕೋಚಿನಲ್ಲೇ ಇದ್ದೇವಲ್ಲ, ಬಂದು ನೋಡಿಕೊಳ್ಳುತ್ತೇವೆ" ಅನ್ನುವುದು ನಡೆಯುವುದಿಲ್ಲ. ಥರ್ಡ್ ಎಸಿ ಟಿಕೆಟ್‌ನವರು ಸೆಕೆಂಡ್ ಎಸಿಯಲ್ಲಿ ಹೋಗಿ ಗಂಟೆಗಟ್ಟಲೆ ಕೂತರೆ ಟಿಟಿಇ ಎಬ್ಬಿಸುತ್ತಾರೆ, ಎಬ್ಬಿಸುವುದು ಸರಿಯೂ ಹೌದು. ಹಗಲಲ್ಲಿ ಕೈ ಹಿಡಿದು ಅತ್ತೆ ಮಾವನನ್ನೇ ನಮ್ಮ ಕಡೆ ಕರೆತರುತ್ತಿದ್ದೆವು.

ಫಸ್ಟ್ ಎಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲ ರೈಲಿನಲ್ಲೂ ಇಲ್ಲ, ಇದ್ದರೂ ಬರ್ತ್ ಬೆರಳೆಣಿಕೆ, ಯಾವ ಕ್ಯಾಬಿನ್ ಅನ್ನುವುದು ಚಾರ್ಟ್ ಆಗುವವರೆಗೆ ಗೊತ್ತಾಗುವುದಿಲ್ಲ. ದೊಡ್ಡ ಗುಂಪಿಗೆ ಅದು ಹೊಂದುವುದಿಲ್ಲ.

ಯಾವ ರೈಲು

ಕಾಶಿಗೆ ನಮ್ಮ ಕಡೆಯಿಂದ ಮುಖ್ಯವಾಗಿ ಎರಡು ದಾರಿ. ಒಂದು, ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್. ದಿನಾ ಇದೆ. ವಿಜಯವಾಡ, ನಾಗಪುರ, ಇಟಾರ್ಸಿ, ಜಬಲ್ಪುರ ಮೇಲೆ ಹೋಗಿ ಪ್ರಯಾಗ್‌ರಾಜ್ ಛಿವಕಿ, ಆಮೇಲೆ ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಅಂದರೆ ಹಳೆಯ ಮೊಘಲ್ ಸರಾಯ್. ರೈಲಿನಲ್ಲಿ ಎರಡು ರಾತ್ರಿ. ಕಾಶಿ ಊರೊಳಗೆ ಇದು ಹೋಗುವುದಿಲ್ಲ. ಮೊಘಲ್ ಸರಾಯ್‌ನಲ್ಲಿ ಇಳಿದು ಗಾಡಿ ಮಾಡಿಕೊಂಡು ಗಂಗೆ ದಾಟಿ ಹೋಗಬೇಕು, ಹದಿನೈದು ಹದಿನೆಂಟು ಕಿಲೋಮೀಟರ್.

ಇನ್ನೊಂದು ಮೈಸೂರು–ವಾರಾಣಸಿ ಎಕ್ಸ್‌ಪ್ರೆಸ್. ಇದು ಬೆಂಗಳೂರು, ತುಮಕೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ ಮೇಲೆ ಹೋಗುತ್ತದೆ, ಸೀದಾ ವಾರಾಣಸಿ ತಲುಪುತ್ತದೆ. ಆದರೆ ವಾರಕ್ಕೆ ಎರಡೇ ದಿನ.

ನಮ್ಮದು ತುಮಕೂರು. ಮನೆ ಬಾಗಿಲಿಗೆ ಬರುವ ಎರಡನೆಯ ರೈಲು ಬಿಟ್ಟು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಯಾಕೆ ಹೋದಿರಿ ಅಂತ ಎಲ್ಲರೂ ಕೇಳಿದರು. ಕಾರಣ ಎರಡು. ಒಂದು, ನಡುವಿನ ಸ್ಟೇಷನ್‌ನಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. 21 ಜನ, ಮೂವತ್ತು ಚೀಲ, ವಾಕರ್ ಹಿಡಿದ ಅಜ್ಜಿ, ನಿದ್ದೆಗಣ್ಣಿನ ಮಕ್ಕಳು, ಅಷ್ಟರಲ್ಲಿ ಹತ್ತಬೇಕು. ಎದೆ ಹೊಡೆದುಕೊಳ್ಳುತ್ತದೆ. ರೈಲು ಹೊರಡುವ ಸ್ಟೇಷನ್‌ನಲ್ಲಿ ಮುಂಚೆಯೇ ಬಂದು ನಿಂತಿರುತ್ತದೆ, ನಿಧಾನವಾಗಿ ಹತ್ತಿ, ಚೀಲ ಜೋಡಿಸಿ, ಎಣಿಸಿ ಕೂರಬಹುದು. ಎರಡನೆಯದು, ದಿನಾ ಇರುವ ರೈಲಾದರೆ ದಿನಾಂಕ ಒಂದೆರಡು ದಿನ ಹಿಂದೆ ಮುಂದೆ ಮಾಡಬಹುದು. ವಾರಕ್ಕೆರಡು ದಿನದ ರೈಲಿನಲ್ಲಿ ಒಂದು ಬೆಳಿಗ್ಗೆ ಬುಕಿಂಗ್ ತಪ್ಪಿತೋ, ಇಡೀ ಕುಟುಂಬದ ರಜೆ ಮತ್ತೆ ಹೊಂದಿಸಬೇಕು.

ಆದರೆ ನೀವು ಹುಬ್ಬಳ್ಳಿ ಅಥವಾ ದಾವಣಗೆರೆ ಕಡೆಯವರಾದರೆ ಲೆಕ್ಕ ಬೇರೆ. ಅಲ್ಲಿಂದ ಬೆಂಗಳೂರಿಗೆ ಬಂದು ರೈಲು ಬದಲಿಸುವುದಕ್ಕಿಂತ ಮೈಸೂರು–ವಾರಾಣಸಿಯೇ ಮೇಲು. ಬದಲಿಸುವ ಪ್ರಯಾಣದಲ್ಲಿ ಮೊದಲ ರೈಲು ತಡವಾದರೆ ಎರಡನೆಯದು ಕಾಯುವುದಿಲ್ಲ. ಆರು ಟಿಕೆಟ್ ಒಟ್ಟಿಗೆ ಹೋಗುತ್ತದೆ. ತಲುಪುವ ಹೊತ್ತನ್ನೂ ನೋಡಿ. ರಾತ್ರಿ ಮೂರಕ್ಕೆ ಇಳಿಸುವ ರೈಲಾದರೆ ಗಾಡಿ, ರೂಮು ಎರಡನ್ನೂ ಮೊದಲೇ ಮಾತಾಡಿ ಇಟ್ಟಿರಬೇಕು. ಲಿಂಗಾಯತ ಮನೆಗಳವರಿಗೆ ಕಾಶಿಯ ಜಂಗಮವಾಡಿ ಮಠ ಗೊತ್ತೇ ಇದೆ, ಕನ್ನಡ ಕೇಳಿಸುವ ಜಾಗ. ಎಲ್ಲೇ ಇಳಿದುಕೊಳ್ಳಿ, ಆ ಓಣಿಗಳಲ್ಲಿ ಗಾಡಿ ಬಾಗಿಲವರೆಗೆ ಬರುತ್ತದಾ ಅಂತ ಫೋನಿನಲ್ಲಿ ಕೇಳಿಕೊಳ್ಳಿ.

ದಿಲ್ಲಿ, ಮಥುರಾ, ಹರಿದ್ವಾರ ಸೇರಿಸುವ ಯೋಚನೆ ಇದ್ದವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಮತ್ತು ಬೆಂಗಳೂರು ರಾಜಧಾನಿ ಇವೆ. ರಾಜಧಾನಿ ಎರಡು ರಾತ್ರಿಯಲ್ಲಿ ದಿಲ್ಲಿ ಮುಟ್ಟಿಸುತ್ತದೆ, ಊಟವೂ ಅಲ್ಲೇ. ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರು, ಯಾದಗಿರಿ, ಕಲಬುರಗಿ ಮೇಲೆ ಹೋಗುವುದರಿಂದ ಆ ಕಡೆಯ ನೆಂಟರು ಅಲ್ಲೇ ಹತ್ತಿ ಸೇರಿಕೊಳ್ಳಬಹುದು. ಕಾಶಿ ಮಾತ್ರ ನೋಡಬೇಕು ಅನ್ನುವವರಿಗೆ ದಿಲ್ಲಿ ಸುತ್ತು.

ನಾಲ್ಕೈದು ಕಡೆ ಇಳಿದು ಹತ್ತುವ ಯಾತ್ರೆಯಾದರೆ ಸರ್ಕ್ಯುಲರ್ ಜರ್ನಿ ಟಿಕೆಟ್ ಕೇಳಿ ನೋಡಿ. ಹೊರಟ ಊರಿಗೇ ಮರಳುವ ಸುತ್ತು ಪ್ರಯಾಣಕ್ಕೆ ಒಂದೇ ಟಿಕೆಟ್, ನಡುವೆ ಎಂಟು ಕಡೆವರೆಗೆ ಇಳಿಯಬಹುದು. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ಪ್ರತಿ ತುಂಡಿಗೂ ಬರ್ತ್ ಬೇರೆ ಬೇರೆ ಕಾಯ್ದಿರಿಸಬೇಕು, ಅರ್ಜಿ ಓಡಾಟವೂ ಇದೆ. ತಾಳ್ಮೆ ಇರುವ ಒಬ್ಬ ನಿವೃತ್ತರು ಮನೆಯಲ್ಲಿದ್ದರೆ ಅವರಿಗೆ ಒಪ್ಪಿಸಿ.

ನಾವೇ ಬುಕ್ ಮಾಡುವುದಾ, ಯಾತ್ರಾ ರೈಲಾ, ಇಡೀ ಬೋಗಿಯಾ?

ಕರ್ನಾಟಕದ ಮುಜರಾಯಿ ಇಲಾಖೆ ಮತ್ತು ರೈಲ್ವೆ ಸೇರಿ ನಡೆಸುವ ಭಾರತ್ ಗೌರವ್ ಕಾಶಿ ದರ್ಶನ ರೈಲು 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಮೊದಲ ಸಲ ಹೊರಟಿತು. ಥರ್ಡ್ ಎಸಿ ಬೋಗಿಗಳು, ಎಂಟು ದಿನದ ಪ್ರಯಾಣ, ಕಾಶಿ, ಅಯೋಧ್ಯೆ, ಪ್ರಯಾಗ. ಊಟ, ವಸತಿ, ಊರೊಳಗೆ ಬಸ್ಸು ಎಲ್ಲ ಸೇರಿ ಶುರುವಿನಲ್ಲಿ 20,000 ರೂಪಾಯಿ, ಅದರಲ್ಲಿ ಸರ್ಕಾರದ ಸಹಾಯಧನ 5,000. ಆಮೇಲೆ ಸಹಾಯಧನ 7,500ಕ್ಕೆ ಏರಿತು, ಒಟ್ಟು ದರವೂ ಏರಿದ್ದರಿಂದ ಯಾತ್ರಿ ಕೊಡಬೇಕಾದದ್ದು 15,000 ಆಗಿಯೇ ಉಳಿಯಿತು. ನೀವು ಹೊರಡುವ ವರ್ಷದ ದರ ವಿಚಾರಿಸಿಕೊಳ್ಳಿ.

ಇದು ಯಾರಿಗೆ? ಗುಂಪಿನಲ್ಲಿ ಓಡಾಡಿ ವ್ಯವಸ್ಥೆ ಮಾಡುವ ಗಟ್ಟಿಗರು ಯಾರೂ ಇಲ್ಲ, ಎಲ್ಲರೂ 55 ದಾಟಿದವರು, ಹಿಂದಿ ಬರುವುದಿಲ್ಲ ಅಂದರೆ ಇದಕ್ಕಿಂತ ಒಳ್ಳೆಯದಿಲ್ಲ. ಅಕ್ಕಪಕ್ಕ ಕನ್ನಡದವರು, ರೈಲಿನಲ್ಲೇ ಅಡುಗೆ. ನನ್ನ ಚಿಕ್ಕಮ್ಮ ಅವರ ಊರಿನ ಹೆಂಗಸರ ಜೊತೆ ಹಾಗೇ ಹೋಗಿ ಬಂದು ಇವತ್ತಿಗೂ ಖುಷಿಯಿಂದ ಹೇಳುತ್ತಾರೆ. ಆದರೆ ಸಣ್ಣ ಮಕ್ಕಳಿದ್ದರೆ ಯೋಚಿಸಿ. ಬಸ್ಸು ಬೆಳಿಗ್ಗೆ ಇಷ್ಟು ಗಂಟೆಗೆ ಅಂದರೆ ಅಷ್ಟಕ್ಕೇ. ಮಗುವಿಗೆ ಜ್ವರ ಬಂತು, ಒಂದು ದಿನ ರೂಮಿನಲ್ಲಿ ಇರೋಣ ಅನ್ನಲು ಬರುವುದಿಲ್ಲ. ಪಿತೃಕಾರ್ಯ ಮಾಡಿಸಬೇಕು, ಕಾಶಿಯಲ್ಲಿ ಮೂರು ರಾತ್ರಿ ಇರಬೇಕು ಅನ್ನುವವರಿಗೂ ಇದು ಹೊಂದುವುದಿಲ್ಲ. ನಾವು ಹೋದದ್ದೇ ತಾತನ ಕಾರ್ಯಕ್ಕೆ, ಹಾಗಾಗಿ ಇದನ್ನು ಬಿಟ್ಟೆವು.

ಇಡೀ ಬೋಗಿ ಮಾಡಿಸುವುದು ಮೂರನೆಯದು. ಐಆರ್‌ಸಿಟಿಸಿಯ ಎಫ್‌ಟಿಆರ್ ಅನ್ನುವ ವ್ಯವಸ್ಥೆಯಲ್ಲಿ ಹೊರಡುವುದಕ್ಕೆ ಆರು ತಿಂಗಳಿನಿಂದ 30 ದಿನ ಮುಂಚೆಯ ಒಳಗೆ ಅರ್ಜಿ ಹಾಕಬೇಕು, ಬೋಗಿಗೆ 50,000 ರೂಪಾಯಿ ಮುಂಗಡ ಇಡಬೇಕು. ಕೇಳಲು ಬಹಳ ಚೆನ್ನಾಗಿದೆ, ಎಲ್ಲ ನಮ್ಮವರೇ, ಬರ್ತ್ ಹಂಚಿಕೆ ನಮ್ಮ ಕೈಯಲ್ಲೇ. ಆದರೆ ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿಯ ಥರ್ಡ್ ಎಸಿ ಬೋಗಿಯಲ್ಲಿ 72 ಬರ್ತ್. ಹತ್ತಿದವರು 20 ಇರಲಿ 70 ಇರಲಿ ಎಲ್ಲದಕ್ಕೂ ದುಡ್ಡು, ಮೇಲೆ ನೂರಕ್ಕೆ 30 ಸೇವಾ ಶುಲ್ಕ. 60 ಜನ ಖಂಡಿತ ಬರುತ್ತಾರೆ ಅಂತ ಇದ್ದರೆ ಮಾತ್ರ ಇದರ ಮಾತೆತ್ತಿ. ಎರಡು ಮೂರು ಬೀಗರ ಮನೆ ಸೇರಿ ಹೋಗುವವರಿಗೆ, ದೂರದ ಮದುವೆ ದಿಬ್ಬಣಕ್ಕೆ ಸರಿ. 20–25 ಜನಕ್ಕೆ ಸುಮ್ನೆ ದುಡ್ಡು ಹೋಗುತ್ತದೆ. ಇವೆರಡರ ನಡುವಿನ ಗುಂಪಾದರೆ ರಿಸರ್ವೇಶನ್ ಕಚೇರಿಯ ಮೇಲ್ವಿಚಾರಕರನ್ನು ಕಂಡು, ಹೆಸರು ವಯಸ್ಸಿನ ಪಟ್ಟಿ ಸಮೇತ ಅರ್ಜಿ ಕೊಟ್ಟು ಬಲ್ಕ್ ಬುಕಿಂಗ್ ಕೇಳಬಹುದು.

ವಿಮಾನ ಸೇರಿಸುವ ಮಾತು

ಬೆಂಗಳೂರಿನಿಂದ ಕಾಶಿಗೆ ನೇರ ವಿಮಾನ ಎರಡೂವರೆ ಗಂಟೆ ಚಿಲ್ಲರೆ. "ಅಜ್ಜಿಯನ್ನು ವಿಮಾನದಲ್ಲಿ ಕಳಿಸಿ, ಉಳಿದವರು ರೈಲಿನಲ್ಲಿ ಬನ್ನಿ" ಅಂತ ನಮ್ಮ ಭಾವ ಮೊದಲ ದಿನದಿಂದ ಹೇಳುತ್ತಿದ್ದರು. ಅಜ್ಜಿ ಒಪ್ಪಲಿಲ್ಲ. "ನಾನು ಎಲ್ಲರ ಜೊತೆ ಬರ್ತೀನಿ, ಒಬ್ಬಳೇ ಹೋಗಿ ಅಲ್ಲೇನು ಮಾಡ್ಲಿ" ಅಂದರು. ಅವರ ಮಾತೇ ಸರಿಯಾಗಿತ್ತು. ಹೋಗುವಾಗ ಎಲ್ಲರಲ್ಲೂ ಉಮೇದು ಇರುತ್ತದೆ, ರೈಲಿನ ಎರಡು ದಿನವೇ ಅರ್ಧ ಯಾತ್ರೆ. ಬರುವಾಗ ಹಾಗಲ್ಲ. ಘಟ್ಟದ ಮೆಟ್ಟಿಲು ಹತ್ತಿ ಇಳಿದು ಕಾಲು ಬಿದ್ದುಹೋಗಿರುತ್ತದೆ, ಹೊಟ್ಟೆ ಒಬ್ಬೊಬ್ಬರದು ಒಂದೊಂದು ರೀತಿ. ಅದಕ್ಕೆ ಬರುವಾಗ ಅಜ್ಜಿ, ಅತ್ತೆ, ಮಾವ, ತಂಗಿ ವಿಮಾನದಲ್ಲಿ ಬಂದರು. 75 ದಾಟಿದವರಿರುವ ಮನೆಗೆ ನಾನು ಹೇಳುವುದು ಇದೇ: ಹೋಗುತ್ತಾ ರೈಲು, ಬರುತ್ತಾ ಹಿರಿಯರಿಗೆ ವಿಮಾನ. ಅವರ ಜೊತೆ ಒಬ್ಬರು, ಮತ್ತು ಊರಿನ ಏರ್‌ಪೋರ್ಟಿನಲ್ಲಿ ಕರೆದುಕೊಳ್ಳಲು ಒಬ್ಬರು. ದುಡ್ಡು ಸಾಲದಿದ್ದರೆ ಹೋಗುವಾಗ ಸೆಕೆಂಡ್ ಎಸಿ ಬಿಟ್ಟು ಥರ್ಡ್ ಎಸಿ ಮಾಡಿ, ಆ ಉಳಿಕೆಯನ್ನು ವಿಮಾನಕ್ಕೆ ಹಾಕಿ.

ಬುಕಿಂಗ್ ದಿನ ಬೆಳಿಗ್ಗೆ

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ, ಹೊರಡುವ ದಿನ ಬಿಟ್ಟು. ಅಕ್ಟೋಬರ್ 20ಕ್ಕೆ ಹೊರಡುವವರಿಗೆ ಆಗಸ್ಟ್ 21ರ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ವಾಪಸಿನ ಟಿಕೆಟ್ ಅದರ ದಿನಾಂಕದ ಲೆಕ್ಕದಲ್ಲಿ ಇನ್ನೊಂದು ವಾರ ಬಿಟ್ಟು ತೆರೆಯುತ್ತದೆ. ಎರಡು ಬೆಳಿಗ್ಗೆಯೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ವಾಪಸಿನದನ್ನು ಮರೆತು ಒದ್ದಾಡಿದವರನ್ನು ನೋಡಿದ್ದೇನೆ.

ಒಂದು ಪಿಎನ್‌ಆರ್‌ಗೆ ಆರು ಜನ. ನಮ್ಮ 19 ಬರ್ತಿಗೆ ಆರು ಟಿಕೆಟ್ ಆಯಿತು. ಸೆಕೆಂಡ್ ಎಸಿಯಲ್ಲಿ ಅಜ್ಜಿ ಅತ್ತೆ ಕೋಟಾದಲ್ಲಿ, ಮಾವ ತಂಗಿ ಸಾಮಾನ್ಯದಲ್ಲಿ "ಕನಿಷ್ಠ ಒಂದು ಲೋವರ್" ಹಾಕಿ. ಥರ್ಡ್ ಎಸಿಯಲ್ಲಿ ದೊಡ್ಡಪ್ಪ ದೊಡ್ಡಮ್ಮ ಒಂದು ಜೋಡಿ, ಅಪ್ಪ ಅಮ್ಮ ಒಂದು ಜೋಡಿ, ಉಳಿದ ಹನ್ನೊಂದು ಜನ ಆರು ಮತ್ತು ಐದು. ಮಕ್ಕಳನ್ನೆಲ್ಲ ಒಂದೇ ಟಿಕೆಟ್‌ಗೆ ಹಾಕಬೇಡಿ, ಪ್ರತಿ ಟಿಕೆಟ್‌ನಲ್ಲೂ ಮಗುವಿನ ಜೊತೆ ಅದರ ಅಪ್ಪ ಅಥವಾ ಅಮ್ಮ ಇರಲಿ. ಕೋಚ್ ಬೇರೆಯಾದರೂ ಆಗ ಗಾಬರಿ ಇಲ್ಲ.

2025ರ ಅಕ್ಟೋಬರ್‌ನಿಂದ ಬುಕಿಂಗ್ ತೆರೆದ ಹೊತ್ತಿನಲ್ಲಿ ಆಧಾರ್ ದೃಢೀಕರಣ ಆದ ಖಾತೆಗೆ ಮಾತ್ರ ಅವಕಾಶ. ಹಾಗಾಗಿ ಮೂರು ಜನರ ಖಾತೆಗೆ ಒಂದು ವಾರ ಮುಂಚೆಯೇ ಆಧಾರ್ ಜೋಡಿಸಿ, ಪ್ರಯಾಣಿಕರ ಹೆಸರು ವಯಸ್ಸು ಸೇವ್ ಮಾಡಿಟ್ಟುಕೊಳ್ಳಿ. ನಾವು ಮೂವರು ಮೂರು ಫೋನು ಹಿಡಿದು ಊಟದ ಮೇಜಿನ ಸುತ್ತ ಕೂತೆವು, ತಲಾ ಎರಡು ಟಿಕೆಟ್. ಮೊದಲ ಟಿಕೆಟ್‌ಗೆ ಬಿ2 ಬಂತು ಅಂತ ಗೊತ್ತಾದ ಕೂಡಲೇ ಉಳಿದವರು ಬೇಕಾದ ಕೋಚ್ ಅನ್ನುವ ಜಾಗದಲ್ಲಿ ಬಿ2 ಅಂತ ಹಾಕಿದೆವು. ಆದರೂ ಅಪ್ಪ ಅಮ್ಮನಿಗೆ ಬಿ3 ಬಂತು. ರೈಲಿನಲ್ಲಿ ಒಬ್ಬರೇ ಹೊರಟಿದ್ದ ಇಬ್ಬರು ಹುಡುಗರನ್ನು ಕೇಳಿದೆವು, ಒಳ್ಳೆಯ ಮನಸ್ಸಿನಿಂದ ಬದಲಿಸಿಕೊಂಡರು.

ಆಟೋ ಅಪ್‌ಗ್ರೇಡೇಶನ್ ಅನ್ನುವ ಚೌಕದ ಗುರುತು ತೆಗೆಯಿರಿ. ಒಬ್ಬಿಬ್ಬರಿಗೆ ಅದು ಪುಕ್ಕಟೆ ಲಾಭ. ದೊಡ್ಡ ಗುಂಪಿಗಲ್ಲ. ಹಿಂದೊಮ್ಮೆ ತಿರುಪತಿಯ ಆಚೆ ಹೋಗುವಾಗ ನಮ್ಮ ಒಂದು ಟಿಕೆಟ್ ಮೇಲಿನ ಕ್ಲಾಸಿಗೆ ಏರಿ, ಅತ್ತಿಗೆ ಮತ್ತು ಮಕ್ಕಳು ಒಂದು ಕಡೆ, ಊಟದ ಡಬ್ಬಿಗಳೆಲ್ಲ ಇನ್ನೊಂದು ಕಡೆ ಆಗಿತ್ತು.

ತತ್ಕಾಲ್ ನಂಬಬೇಡಿ. ಅಲ್ಲಿ ಟಿಕೆಟ್‌ಗೆ ನಾಲ್ಕೇ ಜನ, ಕೆಲವೇ ಬರ್ತಿಗೆ ನೂರಾರು ಕೈ. ಕೊನೆ ಗಳಿಗೆಯಲ್ಲಿ ಒಬ್ಬರು ಬರಲಾಗದಿದ್ದರೆ ಅವರೊಬ್ಬರದ್ದು ರದ್ದು ಮಾಡಬಹುದು, ಉಳಿದವರ ಬರ್ತ್ ಹಾಗೇ ಇರುತ್ತದೆ. ಖಚಿತವಾದ ಟಿಕೆಟ್ ಅನ್ನು ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಗಂಡ, ಹೆಂಡತಿ ಇವರಲ್ಲಿ ಒಬ್ಬರ ಹೆಸರಿಗೆ ವರ್ಗಾಯಿಸಲೂ ಬರುತ್ತದೆ. ರೈಲು ಹೊರಡುವ 24 ಗಂಟೆ ಮುಂಚೆ, ಸಂಬಂಧದ ದಾಖಲೆ ಹಿಡಿದು ರಿಸರ್ವೇಶನ್ ಕೌಂಟರಿಗೆ ಹೋಗಬೇಕು. ಅತ್ತೆ, ಮಾವ, ಚಿಕ್ಕಪ್ಪ ಆ ಪಟ್ಟಿಯಲ್ಲಿಲ್ಲ.

ಊಟ, ಚೀಲ

ಮೊದಲ ದಿನಕ್ಕೆ ಪುಳಿಯೋಗರೆ, ಚಪಾತಿ, ಮೊಸರನ್ನ. ಎರಡನೆಯ ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ, ರವೆ ಉಂಡೆ. ಒಂದು ಹೊತ್ತು ಬಿಸಿ ಊಟ ಬೇಕೇಬೇಕು ಅನಿಸುತ್ತದೆ, ಅದನ್ನು ಪಿಎನ್‌ಆರ್ ಹಾಕಿ ಮುಂದಿನ ದೊಡ್ಡ ಸ್ಟೇಷನ್‌ನಿಂದ ಸೀಟಿಗೇ ತರಿಸಬಹುದು. ಎಲ್ಲರದ್ದೂ ಒಬ್ಬರೇ ಆರ್ಡರ್ ಮಾಡಿ, ಒಂದೇ ಕೋಚಿಗೆ ತರಿಸಿ. ಎಲೆಕ್ಟ್ರಿಕ್ ಕೆಟಲ್ ತರಬೇಡಿ, ಆ ಪ್ಲಗ್ ಇರುವುದು ಮೊಬೈಲಿಗೆ. ಅದೂ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಆಫ್ ಇರುತ್ತದೆ, ಸಂಜೆಯೇ ಚಾರ್ಜ್ ಮಾಡಿಕೊಳ್ಳಿ.

ಥರ್ಡ್ ಎಸಿಯಲ್ಲಿ ತಲೆಗೆ 40 ಕಿಲೋ, ಸೆಕೆಂಡ್ ಎಸಿಯಲ್ಲಿ 50 ಕಿಲೋ ಒಯ್ಯಬಹುದು ಅಂತ ನಿಯಮ ಇದ್ದರೂ ಬರ್ತಿನ ಕೆಳಗೆ ಅಷ್ಟು ಜಾಗ ಎಲ್ಲಿದೆ? ತಲೆಗೆ ಒಂದು ಚೀಲ, ಎಲ್ಲ ಚೀಲಕ್ಕೂ ಒಂದೇ ಬಣ್ಣದ ರಿಬ್ಬನ್. ಹಿರಿಯರ ಮಾತ್ರೆ ಅವರ ಕೈಚೀಲದಲ್ಲೇ ಇರಲಿ, ಇನ್ನೊಂದು ಜೊತೆ ನೋಡಿಕೊಳ್ಳುವವರ ಹತ್ತಿರ. ಪ್ರತಿ ಟಿಕೆಟ್‌ನವರಲ್ಲೂ ಒಬ್ಬರ ಬಳಿ ಅಸಲಿ ಗುರುತಿನ ಚೀಟಿ ಬೇಕು, ಕೋಟಾದಲ್ಲಿ ಹೊರಟ ಹಿರಿಯರ ಬಳಿ ವಯಸ್ಸಿನ ದಾಖಲೆ. ಏನೇ ತೊಂದರೆಯಾದರೂ 139ಕ್ಕೆ ಫೋನ್ ಮಾಡಿ. ಅಜ್ಜಿಯ ಕೋಚಿನಲ್ಲಿ ನೀರು ಖಾಲಿಯಾದಾಗ ತಂಗಿ ಮಾಡಿದಳು, ಮುಂದಿನ ದೊಡ್ಡ ಸ್ಟೇಷನ್‌ನಲ್ಲಿ ತುಂಬಿಸಿದರು.

ನಿಮ್ಮ ಮನೆಯ ಲೆಕ್ಕ ಕಳಿಸುವವರು ಮೂರು ವಿಷಯ ಬರೆಯಿರಿ: ಒಟ್ಟು ಎಷ್ಟು ಜನ, ಕೆಳಗಿನ ಬರ್ತ್ ಬೇಕಾದವರು ಎಷ್ಟು, ಹೊರಡುವ ತಿಂಗಳು ಯಾವುದು. ಟಿಕೆಟ್ ಹೇಗೆ ಒಡೆಯಬೇಕು ಅಂತ ಕೂತು ಹಾಕಿಕೊಡುತ್ತೇನೆ.